ಗೆವುರ್ಟ್ಸ್‌ಟ್ರಾಮಿನರ್ ಬಾಟಲಿಯ ಗುಲಾಬಿ ಘಮದ ಬಗ್ಗೆ

ನಮಸ್ಕಾರ. ನಿಮ್ಮ ಅಕ್ಕ ಇಟಲಿಯಿಂದ ತಂದುಕೊಟ್ಟ ಗೆವುರ್ಟ್ಸ್‌ಟ್ರಾಮಿನರ್ ಎಂಬ ಬಿಳಿ ವೈನಿನ ಬಾಟಲಿಯನ್ನು ತೆರೆದಾಗ ಗುಲಾಬಿ ಅತ್ತರಿನಂತಹ ಘಮ ಬಂದಿತೆಂದೂ, ಅದಕ್ಕೆ ಏನಾದರೂ ಬೆರೆಸಿದ್ದಾರೆಯೇ ಎಂದೂ, ಉಳಿದಿರುವ ಇನ್ನೊಂದು ಬಾಟಲಿಯನ್ನು ಎಷ್ಟು ಕಾಲ ಇಡಬಹುದೆಂದೂ ಕೇಳಿದ್ದೀರಿ. ಚೀಟಿಯ ಮೇಲೆ ಆಲ್ಟೊ ಅಡಿಜೆ ಡಿಒಸಿ (ಉತ್ತರ ಇಟಲಿಯ ಆಲ್ಟೊ ಅಡಿಜೆ ಸೀಮೆಯ ವೈನಿಗೆ ಕಾನೂನು ಕೊಡುವ ಮೂಲದ ಗುರುತು) ಎಂದಿದ್ದರೆ ಸುಗಂಧ ಬೆರೆಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ಆ ಘಮ ದ್ರಾಕ್ಷಿಯ ಸಿಪ್ಪೆಯದ್ದು.

ಈ ದ್ರಾಕ್ಷಿ ತಳಿಗೆ ಹೆಸರು ಬಂದಿರುವುದು ಆ ಸೀಮೆಯ ಟ್ರಾಮಿನ್ ಎಂಬ ಊರಿನಿಂದ. ಇಟಾಲಿಯನ್ನರು ಅದನ್ನು ಟೆರ್ಮೆನೊ ಎನ್ನುತ್ತಾರೆ. ಮೊದಲ ಮಹಾಯುದ್ಧದವರೆಗೆ ಆ ಸೀಮೆ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದುದರಿಂದ ಅಲ್ಲಿನ ಮನೆಮಾತು ಇಂದಿಗೂ ಜರ್ಮನ್; 'ಗೆವುರ್ಟ್ಸ್' ಎಂದರೆ ಮಸಾಲೆ. ಕೆಲವು ವರ್ಷಗಳ ಹಿಂದೆ ಸೆಪ್ಟೆಂಬರಿನಲ್ಲಿ ಅಲ್ಲಿನ ಒಂದು ಸಣ್ಣ ಕುಟುಂಬದ ತೋಟಕ್ಕೆ ಹೋಗಿದ್ದಾಗ, ಮನೆಯ ಹಿರಿಯಾಕೆ ಈರುಳ್ಳಿ ಸಿಪ್ಪೆಯ ಬಣ್ಣದ ಒಂದು ಹಣ್ಣನ್ನು ಕೈಗಿಟ್ಟು, ಮೊದಲು ತಿರುಳನ್ನಷ್ಟೇ ಚೀಪಿ ನೋಡಿ ಎಂದರು. ಬರೀ ಸಿಹಿ. ಆಮೇಲೆ ಸಿಪ್ಪೆಯನ್ನು ಅಗಿದಾಗ ಬಾಯಿ ತುಂಬ ಗುಲಾಬಿ ಹರಡಿ, ಕೊನೆಗೆ ನಾಲಿಗೆಯ ತುದಿಯಲ್ಲಿ ಒಂದಿಷ್ಟು ಕಹಿ ಉಳಿಯಿತು. ನಿಮ್ಮ ಲೋಟದಲ್ಲಿಯೂ ಆ ಕಹಿ ಕಂಡಿದ್ದರೆ ಅದನ್ನು ದೋಷವೆಂದು ತಿಳಿಯಬೇಡಿ.

ಸಿಪ್ಪೆಯಲ್ಲಿರುವ ರೋಸ್ ಆಕ್ಸೈಡ್ ಎಂಬ ವಸ್ತು ಲಿಚಿ ಹಣ್ಣಿನಲ್ಲಿಯೂ ಇರುವುದರಿಂದ ಎರಡರ ವಾಸನೆಯೂ ಒಂದೇ ತೆರನಾಗಿ ತೋರುತ್ತದೆ. ಬೆಳೆಗಾರರಿಗೆ ಕಷ್ಟವಿರುವುದು ಕೊಯ್ಲಿನ ದಿನ ನಿಗದಿಪಡಿಸುವುದರಲ್ಲಿ: ಘಮ ಪೂರ್ತಿ ಬಲಿಯುವವರೆಗೆ ಕಾದರೆ ಸಕ್ಕರೆ ಏರಿ, ಹುಳಿ ಬೇಗನೆ ಇಳಿದುಬಿಡುತ್ತದೆ. ಬೆಟ್ಟದ ತಪ್ಪಲಿನ ತಂಪು ರಾತ್ರಿಗಳು ಆ ಹುಳಿಯನ್ನು ಕೊಂಚ ಹಿಡಿದಿಡುತ್ತವೆ. ಆದರೂ ಮದ್ಯಾಂಶ ಶೇ. 14ರ ಆಸುಪಾಸಿಗೆ ಹೋಗುವುದು ಸಾಮಾನ್ಯ.

ಹುಳಿ ಕಡಿಮೆಯಿರುವ ಕಾರಣ ಇದನ್ನು ಬಹಳ ಕಾಲ ಇಡುವುದು ಬೇಡ. ಕೊಯ್ಲಿನ ವರ್ಷದಿಂದ ಮೂರು ನಾಲ್ಕು ವರ್ಷಗಳೊಳಗೆ ಕುಡಿಯುವುದು ಒಳ್ಳೆಯದು. ಬೆಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಅಡುಗೆಮನೆಯ ಕಪಾಟಿನಲ್ಲಿಟ್ಟರೆ ಅಷ್ಟು ದಿನವೂ ಬಾಳದು; ಬೇರೆ ತಂಪು ಜಾಗವಿಲ್ಲದಿದ್ದರೆ ಫ್ರಿಜ್ಜಿನಲ್ಲೇ ಇಡಿ. ಆದರೆ ಫ್ರಿಜ್ಜಿನಿಂದ ತೆಗೆದ ಕೂಡಲೇ ಸುರಿದುಕೊಂಡರೆ ಘಮ ಮುದುಡಿಯೇ ಇರುತ್ತದೆ. ಇಪ್ಪತ್ತು ನಿಮಿಷ ಹೊರಗಿಟ್ಟು, 10ರಿಂದ 12 ಡಿಗ್ರಿಗೆ ಬಂದ ಮೇಲೆ ಕುಡಿಯಿರಿ.

ಊಟದ ವಿಷಯದಲ್ಲಿ ನನ್ನದೊಂದು ಕಳಕಳಿಯ ಮಾತು. 'ಮಸಾಲೆ' ಎಂಬ ಹೆಸರನ್ನು ನಂಬಿ ಖಾರದ ಕೋಳಿ ಸಾರಿನ ಜೊತೆ ಕುಡಿಯಬೇಡಿ, ಇಷ್ಟು ಮದ್ಯಾಂಶವಿರುವ ವೈನು ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತದೆ. ಟ್ರಾಮಿನ್‌ನಲ್ಲಿ ಹೊಗೆ ಕೊಟ್ಟು ಒಣಗಿಸಿದ ಹಂದಿಮಾಂಸ ಮತ್ತು ಚೀಸ್ ಕೊಟ್ಟಿದ್ದರು. ನಮ್ಮ ಮನೆಯಲ್ಲಿ ಶುಂಠಿ, ತೆಂಗಿನಹಾಲು ಹಾಕಿ ಮಾಡಿದ ಸೀಗಡಿಗೂ ನೀರುದೋಸೆಗೂ ಅಷ್ಟೇ ಚೆನ್ನಾಗಿ ಹೊಂದಿತು.

ಇನ್ನೊಂದು ಬಾಟಲಿಯ ಚೀಟಿಯನ್ನು ಒಮ್ಮೆ ನೋಡಿ. 'ವೆಂಡೆಮ್ಮಿಯಾ ಟಾರ್ಡಿವಾ' ಎಂದಿದ್ದರೆ ಅದು ತಡವಾಗಿ ಕೊಯ್ದ ಹಣ್ಣಿನ ಸಿಹಿ ವೈನು. ಅದನ್ನು ಮಾತ್ರ ಇನ್ನೂ ಕೆಲವು ವರ್ಷ ನೆಮ್ಮದಿಯಿಂದ ಇಡಬಹುದು.