ತಮ್ಮ ಕೋಟ್ಯಧಿಪತಿ, ನಾನು ಅಲ್ಲೇ ಇದ್ದೇನೆ

ಪ್ರಶ್ನೆ: ನನಗೆ 46 ವರ್ಷ. ಪೀಣ್ಯದಲ್ಲಿ ಬಾಡಿಗೆ ಶೆಡ್ಡಿನಲ್ಲಿ ಗೇಟು, ಗ್ರಿಲ್ಲು, ರೇಲಿಂಗ್ ಮಾಡುವ ವರ್ಕ್‌ಶಾಪ್ ಇಟ್ಟಿದ್ದೇನೆ. ಇಪ್ಪತ್ತು ವರ್ಷ ದುಡಿದರೂ ಸ್ವಂತ ಮನೆಯಿಲ್ಲ. ನಮ್ಮೂರು ದೇವನಹಳ್ಳಿ ಕಡೆ. ಅಕ್ಕನ ಮದುವೆಗೆ, ನನ್ನ ಐಟಿಐಗೆ ಅಂತ ಅಪ್ಪ 1996ರಲ್ಲಿ ತನ್ನ ಪಾಲಿನ ಜಮೀನು ಮಾರಿದರು. ಚಿಕ್ಕಪ್ಪ ಮಾರಲಿಲ್ಲ. ಪಿಯುಸಿ ಫೇಲಾದ ಅವರ ಮಗ ಇವತ್ತು ಕೋಟ್ಯಧಿಪತಿ. ‘ಅಣ್ಣಾ, ಮೆಷಿನ್ ಮಾರು, ಚೀಟಿ ಎತ್ತು, 25 ಲಕ್ಷ ಹಾಕಿ ಲೇಔಟಿಗೆ ಪಾಲುದಾರನಾಗು’ ಎನ್ನುತ್ತಿದ್ದಾನೆ. ‘ನಿಮ್ಮ ಹಣೆಬರಹವೇ ಇಷ್ಟು’ ಅಂತಾಳೆ ಹೆಂಡತಿ. ಹಾಕಲೇ?

ಉತ್ತರ: ನಿಮ್ಮ ನಾಲ್ಕು ಪುಟದ ಪತ್ರದಲ್ಲಿ ತಮ್ಮನ ಕಾರಿನ ಬಣ್ಣ ಕೂಡ ಇದೆ. ಲೇಔಟಿನ ಸರ್ವೆ ನಂಬರ್ ಮಾತ್ರ ಎಲ್ಲೂ ಇಲ್ಲ.

ಮೊದಲು ಹೊಟ್ಟೆಯೊಳಗಿನ ಸಂಕಟದ ವಿಷಯ. ದೇವನಹಳ್ಳಿ ಎಂದರೆ ಚಕ್ಕೋತ, ದ್ರಾಕ್ಷಿ ಎನ್ನುತ್ತಿದ್ದ ಕಾಲದಲ್ಲಿ ನಿಮ್ಮಪ್ಪ ಜಮೀನು ಮಾರಿದರು. ಅಲ್ಲಿ ವಿಮಾನ ಇಳಿಯತೊಡಗಿದ್ದು 2008ರ ಮೇ ತಿಂಗಳಲ್ಲಿ. ನಡುವಿನ ಹನ್ನೆರಡು ವರ್ಷ ಚಿಕ್ಕಪ್ಪ ರಾಗಿ ಬಿತ್ತಿಕೊಂಡಿದ್ದರು ಎಂದು ನೀವೇ ಬರೆದಿದ್ದೀರಿ. ಅದನ್ನು ದೂರದೃಷ್ಟಿ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ಹಾಗೆಯೇ ನಿಮ್ಮಪ್ಪನದು ದಡ್ಡತನವೂ ಅಲ್ಲ. ಮಗಳ ಮದುವೆ ವಿಮಾನಕ್ಕಾಗಿ ಕಾಯುವುದಿಲ್ಲ.

ಇದರಲ್ಲಿ ನಾನೂ ನಿಮ್ಮ ಜೊತೆಗಾರನೇ. 1993ರಲ್ಲಿ ಬ್ಯಾಂಕಿನಲ್ಲಿದ್ದೆ. ಇನ್ಫೋಸಿಸ್ ಮೊದಲ ಸಲ ಷೇರು ಬಿಟ್ಟಿತ್ತು, ಒಂದಕ್ಕೆ 95 ರೂಪಾಯಿ. ಅರ್ಜಿ ನನ್ನ ಮೇಜಿನ ಮೇಲೇ ಬಿದ್ದಿತ್ತು. ಅದರ ಬೆನ್ನಿಗೆ ದಿನಸಿ ಲೆಕ್ಕ ಬರೆದೆ. ನಾನೊಬ್ಬನೇ ಅಲ್ಲ, ಆ ಷೇರಿಗೆ ಸಾಕಷ್ಟು ಅರ್ಜಿಯೇ ಬರಲಿಲ್ಲ, ಉಳಿದದ್ದನ್ನು ಅಮೆರಿಕದ ಹೂಡಿಕೆ ಬ್ಯಾಂಕು ಮಾರ್ಗನ್ ಸ್ಟ್ಯಾನ್ಲಿಯವರು ಎತ್ತಿಕೊಂಡರು. ಕಂಪನಿ ಕಟ್ಟಿದವರ ದುಡಿಮೆ ಸುಳ್ಳಲ್ಲ. ಆದರೆ ಆ ಏಳು ಜನ ಪರಿಚಯವಾದದ್ದು ಹಿಂದಿನ ಕೆಲಸದಲ್ಲಿ, ಮೊದಲ ಹತ್ತು ಸಾವಿರ ಬಂದದ್ದು ಅವರಲ್ಲೊಬ್ಬರಾದ ನಾರಾಯಣ ಮೂರ್ತಿಯವರ ಹೆಂಡತಿಯ ಉಳಿತಾಯದಿಂದ, ಸರ್ಕಾರ ಬಾಗಿಲು ತೆರೆದದ್ದು 1991ರಲ್ಲಿ. ಬೆವರೊಂದನ್ನೇ ತಕ್ಕಡಿಗೆ ಹಾಕಿದರೆ ಈ ಲೆಕ್ಕ ಕೂಡುವುದಿಲ್ಲ.

‘ಕಾಯಕವೇ ಕೈಲಾಸ’ ಎಂದು ಶೆಡ್ಡಿನ ಗೋಡೆಗೆ ಬರೆಸಿದ್ದೀರಂತೆ. ಸ್ವಾಮಿ, ಶರಣರು ಕೈಲಾಸ ಎಂದರು, ಕೋರಮಂಗಲ ಎನ್ನಲಿಲ್ಲ. ಬಿದ್ದ ಅಕ್ಕಿ ಆಯ್ದು ಬದುಕುತ್ತಿದ್ದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಅಕ್ಕಿ ಜಾಸ್ತಿ ತಂದಾಗ ಹೆಂಡತಿ ಲಕ್ಕಮ್ಮ ವಾಪಸ್ ಸುರಿದು ಬರಲು ಕಳಿಸಿದಳು.

ತಮ್ಮನಿಗೂ ಅನ್ಯಾಯ ಮಾಡಬೇಡಿ. ಜಮೀನಿನ ದುಡ್ಡಲ್ಲಿ ಕಾರು ಕೊಂಡು, ಐದು ವರ್ಷಕ್ಕೆ ಆ ಕಾರನ್ನೂ ಮಾರಿಕೊಂಡವರನ್ನು ಬ್ಯಾಂಕಿನಲ್ಲಿ ನಾನೇ ಎದುರಿಗೆ ಕೂರಿಸಿಕೊಂಡಿದ್ದೇನೆ. ಅವನು ಉಳಿಸಿಕೊಂಡ, ಬೆಳೆಸಿದ. ಸರ್ವೆಯರ್, ವಕೀಲ, ತಾಲ್ಲೂಕು ಕಚೇರಿಯವರು ಈಗ ಅವನ ಫೋನ್ ಎತ್ತುತ್ತಾರೆ. ನಿಮ್ಮದು ಎತ್ತುವುದಿಲ್ಲ. 25 ಲಕ್ಷ ಕೊಟ್ಟರೂ ಎತ್ತುವುದಿಲ್ಲ, ಆ ಪರಿಚಯ ಅವನ ಹೆಸರಿನಲ್ಲೇ ಇರುತ್ತದೆ.

ಹಾಗಾಗಿ ಹಾಕಬೇಡಿ. ಸಾಮಾನ್ಯ ಪಾಲುದಾರಿಕೆ ಫರ್ಮಿನಲ್ಲಿ, 1932ರ ಕಾಯ್ದೆ ಪ್ರಕಾರ, ಫರ್ಮಿನ ಸಾಲ ನೀವು ಹಾಕಿದ 25 ಲಕ್ಷಕ್ಕೆ ನಿಲ್ಲುವುದಿಲ್ಲ. ನಿಮ್ಮ ಸ್ವಂತ ಆಸ್ತಿಗೂ ಬರುತ್ತದೆ. ಪಹಣಿ ಯಾರ ಹೆಸರಲ್ಲಿದೆ, ಭೂಪರಿವರ್ತನೆ ಆಗಿದೆಯೇ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಏನು ಎಂದು ಒಮ್ಮೆ ಕೇಳಿ ನೋಡಿ. ‘ನನ್ನ ಮೇಲೆ ನಂಬಿಕೆ ಇಲ್ವಾ ಅಣ್ಣ’ ಎಂಬ ಉತ್ತರ ಬಂದರೆ ಕಾಫಿ ಕುಡಿದು ಎದ್ದು ಬನ್ನಿ.

ಹೆಂಡತಿಯ ಮಾತಿಗೆ ಈಗಲೇ ಜಗಳಕ್ಕಿಳಿಯಬೇಡಿ. ಬಾಡಿಗೆ ಮನೆ ಬದಲಿಸುವಾಗೆಲ್ಲ ಪಾತ್ರೆ ಕಟ್ಟಿದವರು ಅವರು. ಚೀಟಿ ದುಡ್ಡು ಎಷ್ಟಿದೆ, ಅದರಲ್ಲಿ ಊರಾಚೆ ಒಂದು ಸಣ್ಣ ಸೈಟಿಗೆ ಸಾಲ ಎಷ್ಟು ಬೇಕಾದೀತು ಎಂದು ಇಬ್ಬರೂ ಕೂತು ಬರೆಯಿರಿ. ಈ ಲೆಕ್ಕವನ್ನು ನೀವು ಅವರಿಗೆ ತೋರಿಸಿಯೇ ಇಲ್ಲ ಅನಿಸುತ್ತದೆ.

ಇನ್ನು ತಮ್ಮ. ಲೇಔಟಿಗೆ ಕಮಾನು ಬೇಕು, ಗೇಟು ಬೇಕು, ಪಾರ್ಕಿಗೆ ಗ್ರಿಲ್ಲು ಬೇಕು. ಅಲ್ಲಿ ಎದ್ದೇಳುವ ಒಂದೊಂದು ಮನೆಗೂ ಮೆಟ್ಟಿಲ ರೇಲಿಂಗ್ ಬೇಕು. ಕಟ್ಟುವ ಬಿಲ್ಡರುಗಳೆಲ್ಲ ಅವನಿಗೆ ಗೊತ್ತು. ನೀವು ಇಪ್ಪತ್ತು ವರ್ಷದಿಂದ ಬೆಸುಗೆ ಹಾಕುತ್ತಿರುವುದು ಅದನ್ನೇ ಅಲ್ಲವೇ? ಭಾನುವಾರ ಫೋನ್ ಮಾಡಿ, ಗೇಟಿನ ಕೆಲಸ ಯಾರಿಗೆ ಕೊಟ್ಟಿದ್ದೀ ಎಂದು ಕೇಳಿ. ಕೊಟೇಶನ್ ಲೆಟರ್‌ಹೆಡ್ಡಿನಲ್ಲೇ ಕಳಿಸಿ. ಅರ್ಧ ಅಡ್ವಾನ್ಸ್ ಬಾರದೆ ಕಬ್ಬಿಣ ತರಬೇಡಿ, ತಮ್ಮನಾದರೂ ಸರಿ.