ಓದುಗರ ಪ್ರಶ್ನೆ: ಕವಿತೆಯೊಳಗೆ ಮೊಟ್ಟೆಯಾಕಾರದ ಚೆಂಡು

ಪ್ರಶ್ನೆ: ಮಗಳು ಮೆಲ್ಬರ್ನ್‌ನಲ್ಲಿದ್ದಾಳೆ. ಅಲ್ಲಿಯ ‘ಆಸ್ಟ್ರೇಲಿಯನ್ ರೂಲ್ಸ್’ ಫುಟ್‌ಬಾಲನ್ನೂ ಇಲ್ಲಿಯ ದಿನಚರಿಯನ್ನೂ ಸೇರಿಸಿ ಬರೆದ ಕವಿತೆ ವರದಿಯಂತಾಗುತ್ತಿದೆ. ಏನು ಮಾಡಲಿ?
– ಓದುಗರೊಬ್ಬರು, ಕಾರವಾರ

ಉತ್ತರ: ನಿಯಮ ವಿವರಿಸಲು ಹೊರಟಿದ್ದೇ ತಪ್ಪಾಗಿರಬೇಕು. 18 ಜನರ ತಂಡ, 4 ಕ್ವಾರ್ಟರ್ ಎಲ್ಲ ಬಿಡಿ, ಒಂದೇ ಸಂಗತಿ ಹಿಡಿಯಿರಿ. ನಡುವಿನ ಎತ್ತರದ ಎರಡು ಕಂಬಗಳೊಳಗೆ ಒದ್ದರೆ ಗೋಲು, 6 ಅಂಕ. ಎತ್ತರದ ಕಂಬಕ್ಕೂ ಪಕ್ಕದ ಗಿಡ್ಡ ಕಂಬಕ್ಕೂ ನಡುವೆ ಜಾರಿದರೆ ‘ಬಿಹೈಂಡ್’, ಆದರೂ 1 ಅಂಕ. ಗುರಿ ತಪ್ಪಿದ್ದಕ್ಕೂ ಲೆಕ್ಕ! ಬಂಗಡೆಗೆಂದು ಹೋದ ಬಲೆಯಲ್ಲಿ ನಾಲ್ಕೇ ತಾರ್ಲೆ ಸಿಕ್ಕ ಬೆಳಗು ಇದರ ಪಕ್ಕ ತಾನಾಗಿ ಬಂದು ಕೂರುತ್ತದೆ. ‘ಹಾಗೆಯೇ’, ‘ಅಂತೆಯೇ’ ಸೇರಿಸಬೇಡಿ.

‘ಮಾರ್ಕ್’ ಅನ್ನು ‘ಗುರುತು’ ಎಂದು ಬರೆದರೆ ಕೆಟ್ಟಿತು. ಕನಿಷ್ಠ 15 ಮೀಟರ್ ಹಾರಿದ ಒದೆತವನ್ನು ನಡುವೆ ಯಾರೂ ಮುಟ್ಟುವ ಮೊದಲೇ ಹಿಡಿಯುವುದದು. ಹಿಡಿದವನಿಗೆ ಅಡ್ಡಿಯಿಲ್ಲದೆ ಒದೆಯುವ ಅವಕಾಶ. ಆ ನಿಲುಗಡೆಯಲ್ಲಿ ಸಾಲು ಮುರಿಯಿರಿ.

ಲಯಕ್ಕೆ ಭಾಮಿನಿ ಷಟ್ಪದಿಯ 3-4 ಮಾತ್ರೆಯ ನಡೆ ನೋಡಿ. ‘ಗೋಲು ಬಿಹೈಂಡು’ ಸರಿಯಾಗಿ ಮೂರು, ನಾಲ್ಕು. ಸುಲಿಯದ ತೆಂಗಿನಕಾಯಿಯಂತೆ ಅಡ್ಡಾದಿಡ್ಡಿ ಪುಟಿಯುವ ಆ ಚೆಂಡಿಗೆ 4-4ರ ಸಮನಡೆ ಒಗ್ಗದು.