ಸರ್‌ನೇಮ್ ಖಾಲಿ ಬಿಟ್ಟವರ ಪಾಡು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಪ್ರಶ್ನೆ ಹೊತ್ತು ಬಂದಿವೆ. ಬಡಾವಣೆ ಬೇರೆ, ಮಕ್ಕಳು ನೆಲೆಸಿರುವ ದೇಶ ಬೇರೆ, ಗಂಟು ಮಾತ್ರ ಅದೇ. ಹಾಗಾಗಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಪಾಸ್‌ಪೋರ್ಟ್ ಅರ್ಜಿ ತುಂಬುವುದು ಹೇಗೆ, ಶುಲ್ಕ ಎಷ್ಟು ಎಂದು ಕೇಳಿದವರು ಉತ್ತರ ಕಾಯಬೇಡಿ. ಅದೆಲ್ಲ ಇಲಾಖೆಯ ಜಾಲತಾಣದಲ್ಲಿ ಇದೆ.

ಮಗ ಆರು ವರ್ಷಗಳಿಂದ ಜರ್ಮನಿಯಲ್ಲಿ ಇದ್ದಾನೆ. ಪಾಸ್‌ಪೋರ್ಟಿನಲ್ಲಿ ನಮ್ಮ ಊರು, ನನ್ನ ಹೆಸರು, ಅವನ ಹೆಸರು ಮೂರೂ ‘ಗಿವನ್ ನೇಮ್’ ಜಾಗದಲ್ಲೇ ಇವೆ, ಸರ್‌ನೇಮ್ ಖಾಲಿ. ಸೊಸೆಗೆ ಈಗ ಐದು ತಿಂಗಳು. ಮಗುವಿನ ಜನನ ನೋಂದಣಿಗೆ ಕುಟುಂಬದ ಹೆಸರು ಬೇಕೇಬೇಕಂತೆ. ಇಲ್ಲಿಂದ ನೋಟರಿ ಅಫಿಡವಿಟ್ ಮಾಡಿಸಿ ಕಳಿಸಿದರೆ ಸಾಕು ಎಂದು ಪರಿಚಯದ ಏಜೆಂಟ್ ಹೇಳುತ್ತಾರೆ. ಸಾಕೇ?
– ನಿವೃತ್ತ ಉಪನ್ಯಾಸಕರು, ಬಸವನಗುಡಿ

ಸಾಲದು. ಅಫಿಡವಿಟ್ ಎಂದರೆ ನಿಮ್ಮ ಮಾತನ್ನು ನೀವೇ ಪ್ರಮಾಣ ಮಾಡಿ ಹೇಳಿದ ಕಾಗದ. ಅದಕ್ಕೆ ನೂರು ರೂಪಾಯಿಯ ಛಾಪಾ ಕಾಗದ ಹಾಕಿದರೂ, ಕೆಂಪು ಮೊಹರು ಒತ್ತಿದರೂ ಪಾಸ್‌ಪೋರ್ಟಿನ ಒಂದು ಅಕ್ಷರವೂ ಅಲುಗುವುದಿಲ್ಲ. ಪರದೇಶದ ಗುಮಾಸ್ತ ನೋಡುವುದು ಪಾಸ್‌ಪೋರ್ಟನ್ನು. ನಿಮ್ಮ ಏಜೆಂಟರಿಗೆ ಇದು ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ.

ತಪ್ಪು ಎಲ್ಲಿ ಆಯಿತು ನೋಡಿ. ಹಳೆ ಮೈಸೂರಿನ ಕಡೆ ನಮಗೆ ಮನೆತನದ ಹೆಸರು ಬರೆಯುವ ರೂಢಿ ಕಡಿಮೆ. ಕೆ. ಆರ್. ಸುರೇಶ ಎಂದರೆ ಮೊದಲನೆಯದು ಊರು, ಎರಡನೆಯದು ಅಪ್ಪ, ಕೊನೆಯದು ಮನುಷ್ಯ. ಶಾಲೆಯ ಹಾಜರಿ ಪುಸ್ತಕದಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯವರೆಗೆ ಅದು ಹಾಗೇ ನಡೆಯುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿದ ಮೇಲೆ ಯಾವುದನ್ನು ಯಾವ ಖಾನೆಗೆ ಹಾಕುವುದೆಂದು ತಿಳಿಯದೆ ಎಲ್ಲವನ್ನೂ ಒಂದೇ ಖಾನೆಗೆ ಸುರಿಯುತ್ತೇವೆ. ಸರ್‌ನೇಮ್ ಖಾಲಿ ಬಿಡಲು ಅರ್ಜಿಯಲ್ಲಿ ಅವಕಾಶ ಇದೆ. ಅವಕಾಶ ಇದೆ ಎಂದು ಬಿಟ್ಟೇಬಿಡುತ್ತೇವೆ. ಧಾರವಾಡ, ಬೆಳಗಾವಿ ಕಡೆಯ ಪಾಟೀಲರು, ಕುಲಕರ್ಣಿಗಳು ಇಂಥ ಪತ್ರ ನನಗೆ ಬರೆದದ್ದೇ ಇಲ್ಲ.

ಊರು ದಾಟಿದ ಮೇಲೆ ಒಂದೊಂದು ದೇಶ ಒಂದೊಂದು ರೀತಿಯಲ್ಲಿ ಇದನ್ನು ಅಗಿಯುತ್ತದೆ. ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಖಾನೆಗೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬೀಳುತ್ತದೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಮೂರು ಸಲ ಹೆಸರು ಕೂಗಿದ ಮಗುವಿಗೆ ಈ ಗತಿ! ಸಂಯುಕ್ತ ಅರಬ್ ಸಂಸ್ಥಾನವಂತೂ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುವವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದು 2022ರ ನವೆಂಬರಿನಲ್ಲಿ ಸುತ್ತೋಲೆ ಹೊರಡಿಸಿತು, ಆಮೇಲೆ ಸ್ವಲ್ಪ ಸಡಿಲಿಸಿತು. ಜರ್ಮನಿಯಲ್ಲಿ ಜನನ ನೋಂದಾಯಿಸುವ ಕಚೇರಿಗೆ ‘ಸ್ಟಾಂಡೆಸ್‌ಆಮ್ಟ್’ ಎನ್ನುತ್ತಾರೆ. ಅಲ್ಲಿ ಅಪ್ಪ ಅಮ್ಮಂದಿರ ಹೆಸರಿನಲ್ಲಿ ಯಾವುದು ವ್ಯಕ್ತಿಯದು, ಯಾವುದು ಕುಟುಂಬದ್ದು ಎಂಬುದು ತೀರ್ಮಾನವಾಗದೆ ಕಡತ ಮುಂದೆ ಸರಿಯುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಮಗನೇ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ, ಹೆಸರನ್ನು ಎರಡು ಖಾನೆಗೆ ಒಡೆಸಿಕೊಳ್ಳಬೇಕು. ಇರುವ ಅಕ್ಷರಗಳನ್ನೇ ಹಂಚುವುದು ಹಗುರವಾದ ಕೆಲಸ. ಇಲ್ಲದ ಹೆಸರನ್ನು ಹೊಸದಾಗಿ ಸೇರಿಸಹೊರಟರೆ ಅದು ಹೆಸರು ಬದಲಾವಣೆ ಆಗುತ್ತದೆ, ಪತ್ರಿಕಾ ಜಾಹೀರಾತಿನವರೆಗೆ ಎಳೆಯುತ್ತದೆ. ಆದ್ದರಿಂದ ಈ ಸಂದರ್ಭ ನೋಡಿಕೊಂಡು ಗೋತ್ರ, ಮನೆದೇವರು ಎಂದು ಏನನ್ನೂ ತುರುಕಬೇಡಿ. ಪಾಸ್‌ಪೋರ್ಟ್ ಬಂದ ಮೇಲೆ ವಾಸದ ಪರವಾನಗಿ, ಅದಾದ ಮೇಲೆ ಕಂಪನಿ, ಬ್ಯಾಂಕು, ವಿಮೆ. ಕೊನೆಗೆ ಇಲ್ಲಿನ ಪ್ಯಾನ್ ಮತ್ತು ಆಧಾರ್. ಈ ಕ್ರಮ ತಪ್ಪಿಸಿ ಬ್ಯಾಂಕಿನಿಂದ ಶುರು ಮಾಡಿದವರು ಎರಡು ಸಲ ಓಡಾಡಿದ್ದನ್ನು ಕಂಡಿದ್ದೇನೆ. ಅರ್ಜಿ ಹಾಕುವ ಮೊದಲೇ ಗಂಡ ಹೆಂಡತಿ ಇಬ್ಬರ ಪಾಸ್‌ಪೋರ್ಟನ್ನೂ ಹಿಡಿದು ಸ್ಟಾಂಡೆಸ್‌ಆಮ್ಟ್‌ಗೆ ಹೋಗಿ, ಏನೇನು ಬೇಕೆಂದು ಬರಹದಲ್ಲಿ ಪಡೆಯಲಿ. ನಾನು ಅತಿ ಎಚ್ಚರದವನು ಎನ್ನಿ, ಬೇಸರವಿಲ್ಲ.

ಸರ್‌ನೇಮ್ ಆಗಿ ಯಾವುದನ್ನು ಇಡುವುದು? ಇಲ್ಲಿ ನಾನೇ ಎಡವಿದ್ದೇನೆ. ನನ್ನ ಅಣ್ಣನ ಮಗನಿಗೆ ಊರಿನ ಹೆಸರು ಇಟ್ಟುಕೋ ಎಂದೆ. ಊರಿನ ಮೇಲಿನ ಅಭಿಮಾನ. ಅವನ ಹೆಂಡತಿಯ ಪಾಸ್‌ಪೋರ್ಟಿನಲ್ಲಿ ನಮ್ಮ ವಾಡಿಕೆಯಂತೆ ಗಂಡನ ಹೆಸರೇ ಸರ್‌ನೇಮ್ ಆಗಿತ್ತು. ಮಗುವಿಗೆ ಅವರು ತಾತನ ಹೆಸರು ಹಚ್ಚಿದರು. ಮೂವರಿಗೆ ಮೂರು ಸರ್‌ನೇಮ್. ಈಗ ಪ್ರತಿ ವಿಮಾನ ನಿಲ್ದಾಣದಲ್ಲೂ ಮದುವೆಯ ಪ್ರಮಾಣಪತ್ರ ತೋರಿಸಿ ತಾವು ಒಂದೇ ಮನೆಯವರೆಂದು ಸಾಬೀತು ಮಾಡುತ್ತಾರೆ. ಅಣ್ಣ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಆದ್ದರಿಂದ ಸೊಸೆಯ ಪಾಸ್‌ಪೋರ್ಟಿನಲ್ಲಿ ಏನಿದೆ ಎಂದು ಮೊದಲು ನೋಡಿ, ಮೂವರಿಗೂ ಹೊಂದುವ ಒಂದು ಹೆಸರನ್ನು ಆರಿಸಿ. ಅದು ನಿಮ್ಮ ಹೆಸರೇ ಆಗಬೇಕು ಎಂಬ ಹಟ ಬೇಡ, ಸ್ವಾಮಿ.

ನೀವು ಕೇಳದೆ ಬಿಟ್ಟದ್ದು ಒಂದಿದೆ, ಅದು ಇದಕ್ಕಿಂತ ಮುಖ್ಯ. ಭಾರತೀಯ ತಂದೆ ತಾಯಿಗೆ ಹೊರದೇಶದಲ್ಲಿ ಹುಟ್ಟಿದ ಮಗು ಭಾರತದ ಪ್ರಜೆಯಾಗಬೇಕಾದರೆ ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟಿನಲ್ಲಿ ಅದರ ಜನನ ನೋಂದಣಿಯಾಗಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಘೋಷಣೆ ಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಜರ್ಮನ್ ಜನನ ಪತ್ರ ಕೈಗೆ ಸಿಕ್ಕಿತೆಂದು ಹಾಯಾಗಿ ಕುಳಿತವರು ಹನ್ನೊಂದನೇ ತಿಂಗಳಲ್ಲಿ ನನಗೆ ಫೋನ್ ಮಾಡುತ್ತಾರೆ.

ಅಪಾಸ್ಟಿಲ್ ಮಾಡಿಸಿದ ದಾಖಲೆ ಎಲ್ಲ ದೇಶಗಳಲ್ಲೂ ನಡೆಯುತ್ತದೆಯೇ?
– ರಾಜಾಜಿನಗರ

ಇಲ್ಲ. ಅಪಾಸ್ಟಿಲ್ ಎಂದರೆ ಒಂದು ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ ದೇಶಗಳು ಒಬ್ಬರ ದಾಖಲೆಯನ್ನು ಇನ್ನೊಬ್ಬರು ಒಪ್ಪಲೆಂದು ಹಾಕುವ ದೃಢೀಕರಣ. ಆ ಒಪ್ಪಂದ ಭಾರತದ ಮಟ್ಟಿಗೆ ಜಾರಿಗೆ ಬಂದದ್ದು 2005ರಲ್ಲಿ. ಆಗ ಜರ್ಮನಿ ಆಕ್ಷೇಪ ಎತ್ತಿತ್ತು. ಅಲ್ಲಿಗೆ ಬೇಕಾದದ್ದು ದಾಖಲೆ ಪರಿಶೀಲನೆಯ ಬೇರೆಯೇ ದಾರಿ. ದೇಶ ಯಾವುದೆಂದು ಕೇಳದೆ ಹಣ ಕೇಳುವ ಏಜೆಂಟರ ಹತ್ತಿರ ಹೋಗಬೇಡಿ. ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸುವುದನ್ನೂ ದಯವಿಟ್ಟು ನಿಲ್ಲಿಸಿ, ಪ್ಲಾಸ್ಟಿಕ್ಕಿನ ಮೇಲೆ ಮೊಹರು ಕೂರುವುದಿಲ್ಲ.

ಮಗಳು ಅಮೆರಿಕದ ಪ್ರಜೆಯಾಗಿದ್ದಾಳೆ. ಭಾರತದ ಪಾಸ್‌ಪೋರ್ಟಿಗೆ ಇನ್ನೂ ನಾಲ್ಕು ವರ್ಷ ಅವಧಿ ಇದೆ. ಅದರಲ್ಲೇ ಬಂದು ಹೋಗಬಹುದೇ?

ಕೂಡದು. ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಅಲ್ಲಿನ ಪೌರತ್ವ ಪಡೆದ ದಿನವೇ ಇಲ್ಲಿನದು ಹೋಯಿತು. ಪಾಸ್‌ಪೋರ್ಟ್ ಒಪ್ಪಿಸಿ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಪಡೆಯಲಿ. ಅದು ಎರಡನೇ ಪೌರತ್ವವಲ್ಲ ಎಂದು ಇನ್ನೆಷ್ಟು ಸಲ ಬರೆಯಬೇಕೋ.

2020ರ ತಿದ್ದುಪಡಿಯ ನಂತರ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದಲ್ಲ? ಓಸಿಐ ಇರುವ ಮಗನ ಹೆಸರಿನಲ್ಲಿ ದೇವನಹಳ್ಳಿಯ ಹತ್ತಿರ ಎರಡು ಎಕರೆ ನೋಡಿದ್ದೇವೆ.

ಮುಂಗಡ ಕೊಟ್ಟಿಲ್ಲ ತಾನೆ? ಆ ತಿದ್ದುಪಡಿ ರಾಜ್ಯದ ಭೂಸುಧಾರಣೆ ಕಾಯ್ದೆಯದು. ಕೃಷಿಕರಲ್ಲದವರಿಗೆ ಇದ್ದ ತಡೆಯನ್ನು ಅದು ತೆಗೆಯಿತು. ಓಸಿಐ ಕಾರ್ಡಿನವರನ್ನು ತಡೆಯುವುದು ಕೇಂದ್ರದ ವಿದೇಶಿ ವಿನಿಮಯ ನಿಯಮ. ಅದರಂತೆ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಮೂರನ್ನೂ ಅವರು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಆ ಮಾತು ಬೇರೆ. ‘ಪಹಣಿಯಲ್ಲಿ ಹೆಸರು ಕೂರಿಸಿಕೊಡುತ್ತೇನೆ’ ಎನ್ನುವ ದಲ್ಲಾಳಿ ಕೂರಿಸಿಯೇ ಕೊಡಬಹುದು, ಆದರೆ ನೋಟಿಸ್ ಬಂದ ದಿನ ಅವನು ಫೋನ್ ಎತ್ತುವುದಿಲ್ಲ.

ಮಗ ಸಿಂಗಪುರದಿಂದ ಕಳಿಸಿದ ಜಿಪಿಎ (ಅವನ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರಪತ್ರ) ಕಳೆದ ವರ್ಷದಿಂದ ಬೀರುವಿನಲ್ಲಿ ಭದ್ರವಾಗಿದೆ. ಈಗ ಸೈಟು ಮಾರಬಹುದೇ?
– ವಿಜಯನಗರ

ಹೊರದೇಶದಲ್ಲಿ ಸಹಿಯಾದ ಪತ್ರ ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕಿತ್ತು. ಜಿಲ್ಲಾ ನೋಂದಣಾಧಿಕಾರಿಯನ್ನು ಕಾಣಿರಿ, ಇಲ್ಲವೇ ಮಗನಿಗೆ ಹೇಳಿ ಹೊಸದನ್ನು ತರಿಸಿ. ಎರಡನೆಯದೇ ವಾಸಿ.

ಕೆನಡಾದಲ್ಲಿ ಇರುವ ಮೊಮ್ಮಗನ ಹೆಸರಿಗೆ ಇನ್ನೊಂದು ‘ಎ’ ಸೇರಿಸಿದರೆ ಒಳ್ಳೆಯದಾಗುತ್ತದೆ ಎಂದು ಸಂಖ್ಯಾಶಾಸ್ತ್ರಜ್ಞರು ಹೇಳಿದ್ದಾರೆ. ಸೇರಿಸಬಹುದೇ?

ಜನನ ನೋಂದಣಿ ಆಗಿದ್ದರೆ ಬೇಡ. ಮನೆಯಲ್ಲಿ ಕರೆಯುವಾಗ ಎಷ್ಟು ಬೇಕಾದರೂ ಎಳೆದು ಕರೆಯಿರಿ.